ಎರಡನೇ ಸುತ್ತಿನ ಹುಡುಗಿ

ಅಧ್ಯಕ್ಷರಾದ ಶ್ರೀ ಶೇಷಗಿರಿಯವರೇ, ವೇದಿಕೆಯ ಮೇಲಿರುವ ಗಣ್ಯರೇ, ಪಂಚಾಂಗದ ಯುಗಾದಿ ಮುಗಿದು ಮೂರು ವಾರವಾದ ಮೇಲೆ ಹಾಲ್ ಸಿಕ್ಕಿದ್ದರಿಂದ ಇವತ್ತು ಹೋಳಿಗೆ ತಿನ್ನುತ್ತಿರುವ ಸಾಂಟಾ ಕ್ಲಾರಾದ ಸಭಿಕರೇ, ಮತ್ತು ಐದನೇ ಸಾಲಿನಲ್ಲಿ ನೀಲಿ ಜುಬ್ಬಾದಲ್ಲಿ ತುಂಬಾ ತುಂಬಾ ಮುದ್ದಾಗಿ ಕಾಣುತ್ತಿರುವ ನನ್ನ ಗಂಡ ಅಚ್ಯುತ ಅವರೇ,

ನಾನು ನಿಹಾರಿಕಾ. ಕಾನ್ವೆಂಟಿನಲ್ಲಿ ಓದಿದವಳು. ಕನ್ನಡದಲ್ಲಿ ಭಾಷಣ ಮಾಡುತ್ತಿರುವುದು ಇದೇ ಮೊದಲು. ಭಾಷೆಯಲ್ಲಿ ತಪ್ಪಿದ್ದರೆ ಕ್ಷಮಿಸಿ. ವಿಷಯದಲ್ಲಿ ತಪ್ಪಿಲ್ಲ.

ಈ ಮೈಸೂರು ಪೇಟ ನನ್ನ ತಲೆಗೆ ದೊಡ್ಡದು. ಗಂಡಸರ ಅಳತೆಯದು. ಪ್ರತಿ ಏಪ್ರಿಲ್‌ನಲ್ಲಿ ನಮ್ಮೂರ ಅಮೆರಿಕನ್ ಫುಟ್‌ಬಾಲ್ ಟೀಮು ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತದೆ. ಅದೇ ಡ್ರಾಫ್ಟು. ಮೊದಲ ನಾಲ್ಕು ಆಯ್ಕೆ ಆಟದ ಯಾವ ಯಾವ ಜಾಗಕ್ಕೆ ಎಂದು ಸರಿಯಾಗಿ ಊಹಿಸಿದವರಿಗೆ ನಮ್ಮ ಕನ್ನಡ ಸಂಘದಿಂದ ಪೇಟ, ಇಲ್ಲಿ ಒಂದು ಭಾಷಣ, ಮತ್ತು ಟಿವಿಯಲ್ಲಿ ಮ್ಯಾಚ್ ನೋಡಲು ಶೇಷಗಿರಿಯವರ ಫಾಸ್ಟರ್ ಸಿಟಿ ಮನೆಯ ಸೋಫಾ. ಆ ಸೋಫಾದಲ್ಲಿ ಮೂರೇ ಜನ ಕೂರಬಹುದು. ತನ್ನ ಪಕ್ಕದ ಇಬ್ಬರು ಯಾರೆಂದು ಗೆದ್ದವರೇ ಆರಿಸಬೇಕು. ಉಳಿದ ಗಂಡಸರೆಲ್ಲ ಸೀಸನ್ ಪೂರ್ತಿ ಕಾರ್ಪೆಟ್ಟಿನ ಮೇಲೆ. ಹೆಂಗಸರು ಎಲ್ಲಿ ಎಂದು ಕೇಳುತ್ತೀರಾ? ಅಡುಗೆಮನೆ ಬಾಗಿಲಲ್ಲಿ, ಬೋಂಡಾ ತಟ್ಟೆ ಹಿಡಿದುಕೊಂಡು.

ಡಿಸೆಂಬರಿನಲ್ಲಿ ನನ್ನ ಮದುವೆಯಾಯಿತು. ಜನವರಿಯಲ್ಲಿ ಬಂದೆ. ಎಷ್ಟು ಖುಷಿ ಗೊತ್ತೇ? ಗ್ರೋಸರಿ ಅಂಗಡಿಗೆ ಹೋದರೂ ಹನಿಮೂನು! ಸೀಸನ್ನಿನ ಕೊನೆಯ ಮ್ಯಾಚಿನ ಭಾನುವಾರ ನಾನು ರೇಷ್ಮೆ ಸೀರೆ ಉಟ್ಟು ಆ ಮನೆಗೆ ಕಾಲಿಟ್ಟೆ. ನಮ್ಮ ಅಧ್ಯಕ್ಷರು ಎದ್ದು ನಿಂತು ಏನೆಂದರು?

"ನೋಡ್ರಪ್ಪಾ, ನಮ್ಮ ಅಚ್ಯುತನ ಸೆಕೆಂಡ್ ರೌಂಡ್ ಪಿಕ್ಕು ಬಂತು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ಹೊಗಳಿಕೆ ಇರಬೇಕು ಅಂದುಕೊಂಡೆ. ನಗದೇ ಇದ್ದವರು ಒಬ್ಬರೇ, ಅವರ ಹೆಂಡತಿ ರಮಾ ಅವರು. "ರೀ, ಸುಮ್ನಿರ್ರೀ," ಎಂದು ನನ್ನ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು.

ಅಚ್ಯುತ ಮೊದಲು ನೋಡಿದ್ದು ಬಸವನಗುಡಿಯ ಹುಡುಗಿಯನ್ನಂತೆ. ಇವರು ಯೋಚನೆ ಮಾಡುವಷ್ಟರಲ್ಲಿ ಆಕೆಗೆ ನ್ಯೂಜೆರ್ಸಿಯ ಹುಡುಗನ ಜೊತೆ ನಿಶ್ಚಯವಾಯಿತಂತೆ. ಆಮೇಲೆ ನಾನು. ಪರವಾಗಿಲ್ಲ. ನನಗೇನೂ ಬೇಜಾರಿಲ್ಲ. ಆಕೆ ಭರತನಾಟ್ಯ ಮಾಡುತ್ತಾಳಂತೆ. ಮಾಡಲಿ. ಆ ವಿಷಯ ನಾನು ಯೋಚಿಸುವುದೇ ಇಲ್ಲ.

ನನ್ನ ವೀಸಾದಲ್ಲಿ ಕೆಲಸ ಮಾಡುವ ಹಕ್ಕಿಲ್ಲ, ಪೇಪರ್ ಓದುವ ಹಕ್ಕಿದೆ. ದಿನಾ ಲೈಬ್ರರಿಗೆ ಹೋಗಿ ಸ್ಪೋರ್ಟ್ಸ್ ಪೇಜು ಓದಿದೆ. ಸೆಕೆಂಡ್ ರೌಂಡ್ ಎಂದರೆ ಮೊದಲ ಸುತ್ತಿನಲ್ಲಿ ಯಾರೂ ಆರಿಸದೆ ಉಳಿದವರು ಎಂದು ಅಲ್ಲೇ ತಿಳಿಯಿತು. ಮನೆಗೆ ಬರುವ ಬಸ್ಸಿನಲ್ಲಿ ಅತ್ತುಬಿಟ್ಟೆ. ಆಮೇಲೆ ಆಟವನ್ನೂ ಕಲಿತೆ.

ಈಗ ನಮ್ಮ ಪಂಡಿತರ ವಿಷಯಕ್ಕೆ ಬರೋಣ. ಎಲ್ಲರೂ ಎಂಜಿನಿಯರುಗಳು. ಡ್ರಾಫ್ಟಿನ ವಾರ ಷೇರು ಪೇಟೆ ಬಿದ್ದಾಗ ಸ್ವಂತ ಕಂಪನಿಯ ಷೇರು ಎಲ್ಲಿಗೆ ಇಳಿಯುತ್ತದೆಂದು ಇವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆದರೆ ಟೀಮಿನ ಮನಸ್ಸು ಮಾತ್ರ ಇವರಿಗೆ ಗೊತ್ತು! ಎಲ್ಲರದೂ ಒಂದೇ ಉತ್ತರ, ಕ್ವಾರ್ಟರ್‌ಬ್ಯಾಕು. ಯಾಕೆ? ಚೆಂಡು ಎಸೆಯುವವನು ಅವನೇ, ಕ್ಯಾಮೆರಾ ಇರುವುದೂ ಅವನ ಮೇಲೇ. ಕಾಲೇಜಿನಲ್ಲಿ ಅವನದು ಎಷ್ಟು ಯಾರ್ಡು, ಎಷ್ಟು ಪರ್ಸೆಂಟು ಎಂದು ಸಿಇಟಿ ರ‍್ಯಾಂಕು ನೋಡಿದ ಹಾಗೆ ನೋಡಿದರು.

"ಡಿಫೆನ್ಸ್, ನಾಲ್ಕೂ ಡಿಫೆನ್ಸ್, ಎದುರಾಳಿಯನ್ನು ತಡೆಯುವವರು," ಎಂದೆ ನಾನು.

"ಪಾಪ, ಹೊಸಬರು," ಎಂದರು ಸಂಪತ್. ಸಂಪತ್ ಅವರೇ, ಎಲ್ಲಿದ್ದೀರಿ? ಕೈ ಎತ್ತಬೇಡಿ, ಕಂಡಿತು.

ನನಗೆ ಹೇಗೆ ಗೊತ್ತಾಯಿತು? ನನ್ನನ್ನು ನೋಡಲು ಬಂದವರಿಂದ! ಹಾಡು ಬರುತ್ತಾ, ಎಷ್ಟು ಉದ್ದ ಎಂದೆಲ್ಲ ಕೇಳುತ್ತಾರೆ. ಆದರೆ ತೀರ್ಮಾನ ಮಾಡುವುದು ತಮ್ಮ ಮನೆಯಲ್ಲಿ ಏನಿಲ್ಲ ಎನ್ನುವುದರ ಮೇಲೆ. ಅತ್ತೆಗೆ ಮಂಡಿನೋವಿದ್ದರೆ ಸಂಗೀತ ಮರೆತು ಸಾರಿನ ಪುಡಿಗೆ ಬರುತ್ತಾರೆ. ಕಳೆದ ಸೀಸನ್ ಪೂರ್ತಿ ಎದುರಾಳಿಗಳು ನಮ್ಮ ಟೀಮಿನ ನಡುವೆ ಖಾಲಿ ಫ್ರೀವೇಯಲ್ಲಿ ಹೋದಂತೆ ಹೋದರು. ಮನೆಗೆ ಬಾಗಿಲೇ ಇಲ್ಲದವರು ಮೊದಲು ಬಾಗಿಲು ತರುತ್ತಾರೋ, ತೂಗುದೀಪ ತರುತ್ತಾರೋ? ಬಾಗಿಲು ತಂದರು, ನಾಲ್ಕೂ ಬಾಗಿಲು!

ಇನ್ನೊಂದು ಸಂಗತಿ. ನಮ್ಮ ಜಯನಗರದ ಮನೆಯಲ್ಲಿ ಯಾರು ಯಾರನ್ನು ಆರಿಸಿದರು ಎಂದು ನೀವು ಯಾರೂ ಕೇಳಲಿಲ್ಲ. ಅಚ್ಯುತ ಅವರಿಗಿಂತ ಮೊದಲು ನನ್ನನ್ನು ನೋಡಲು ನಾಲ್ಕು ಹುಡುಗರು ಬಂದಿದ್ದರು. ಮೂವರು ಒಪ್ಪಿದ್ದರು. ನಾನು ಒಪ್ಪಿರಲಿಲ್ಲ. ಅಚ್ಯುತ ಉಪ್ಪಿಟ್ಟು ತಿಂದು, ತಟ್ಟೆಯನ್ನು ತಾವೇ ಎತ್ತಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನಮ್ಮ ಅಡುಗೆಮನೆಯ ಮಧ್ಯೆ ನಿಂತರು. "ಇವರೇ," ಎಂದೆ ಅಮ್ಮನಿಗೆ. ನನ್ನ ಮೊದಲ ಸುತ್ತು, ಮೊದಲ ಆಯ್ಕೆ. ಅಂಥವರು ಆ ಭಾನುವಾರ ಎಲ್ಲರ ಜೊತೆ ಸೇರಿ ನಕ್ಕರು.

ಈಗ ಸೋಫಾ. ನಿಯಮ ನೀವೇ ಮಾಡಿದ್ದು, ಬದಲಾಯಿಸುವಂತಿಲ್ಲ. ಮಧ್ಯದಲ್ಲಿ ನಾನು. ಮೊದಲ ಸುತ್ತು, ರಮಾ ಅವರು. ಬೋಂಡಾ ತಟ್ಟೆ ಕೆಳಗಿಟ್ಟು ಬನ್ನಿ. ಅಧ್ಯಕ್ಷರಿಗೆ ತಮ್ಮ ಮನೆಯ ಕಾರ್ಪೆಟ್ಟು ಮೆತ್ತಗಿದೆಯೋ ಇಲ್ಲವೋ ಸೆಪ್ಟೆಂಬರಿನಲ್ಲಿ ಗೊತ್ತಾಗುತ್ತದೆ.

ಎರಡನೇ ಸುತ್ತು, ಅಚ್ಯುತ.

ಎಲ್ಲರೂ ನಗುತ್ತಿದ್ದೀರಿ, ನಗಿ. ಅಚ್ಯುತ, ನೀವು ನಗುತ್ತಿಲ್ಲ. ಅಷ್ಟೇ ಸಾಕು. ನನ್ನ ಎಡಗಡೆಯ ಜಾಗ ನಿಮ್ಮದು.

ಮಾತಾಡಲು ಬಿಟ್ಟದ್ದಕ್ಕೆ ಧನ್ಯವಾದ. ಈ ಪೇಟ ಕಣ್ಣಿಗೆ ಇಳಿಯುವ ಮೊದಲು ನಿಮ್ಮೆಲ್ಲರಿಗೂ, ಕಾರ್ಪೆಟ್ಟಿನವರಿಗೂ, ನನ್ನ ನಮಸ್ಕಾರ.