ಕೊನೆಯ ರಾಶಿ ಮೇಲ್ಮಣ್ಣು

ಈ ಸಭೆಯ ಅಧ್ಯಕ್ಷರೂ ನಮ್ಮ ಕಲ್ಲಿದ್ದಲು ಗಣಿಯ ಮ್ಯಾನೇಜರೂ ಆದ ಸಾಹೇಬರೇ, ವೇದಿಕೆ ಮೇಲಿರೋ ಗಣ್ಯರೇ, ಇವತ್ತು ನಿವೃತ್ತರಾಗ್ತಿರೋ ಪರಿಸರ ಅಧಿಕಾರಿ ಮೇಡಂ ಅವರೇ, ಭಾಷಣ ಮುಗಿಯದೆ ತಿಂಡಿ ಬರಲ್ಲ ಅಂತ ಗೊತ್ತಾಗಿ ಕೂತಿರೋ ಸಭಿಕರೇ,

ಎರಡು ಮಾತಾಡಿ ಅಂದಿದ್ದಾರೆ. ನಾನು ಡಂಪರ್ ಓಡಿಸಿದವನು. ಆ ಗಾಡಿಗೆ ಬ್ರೇಕ್ ಹಾಕಿದ ಮೇಲೂ ಒಂದಷ್ಟು ದೂರ ಹೋಗೋ ಅಭ್ಯಾಸ. ನನ್ನ ಮಾತೂ ಹಾಗೇ. ದಯವಿಟ್ಟು ಯಾರೂ ಎದ್ದು ಹೊರಗೆ ಹೋಗಬೇಡಿ.

ಅಧ್ಯಕ್ಷರು ಈಗ ತಾನೇ ಒಂದು ಸಿಹಿಸುದ್ದಿ ಕೊಟ್ಟರು. ಗಣಿಯಲ್ಲಿ ಉಳಿದಿರೋ ಕೊನೆಯ ರಾಶಿ ಮೇಲ್ಮಣ್ಣನ್ನ ನಾಳೆ ಹೊಸ ಅತಿಥಿಗೃಹದ ಮುಂದೆ ಹರಡಿ, ಹುಲ್ಲುಹಾಸು ಮಾಡಿ, ಅದಕ್ಕೆ ಮೇಡಂ ಹೆಸರಿಡ್ತಾರಂತೆ. ನೀವೆಲ್ಲಾ ಚಪ್ಪಾಳೆ ತಟ್ಟಿದಿರಿ. ಮೇಡಂ ತಟ್ಟಲಿಲ್ಲ. ವಿನಯ ಇರಬೇಕು. ಅಲ್ಲಿಗೆ ಆಮೇಲೆ ಬರ್ತೀನಿ.

ಇವರಿಗೆ ನಾವು ಡ್ರೈವರುಗಳು ಇಟ್ಟ ಹೆಸರು ‘ಮೇಲ್ಮಣ್ಣು ಮೇಡಂ’. ಇವರು ಬರೋ ಮೊದಲು ನಾವು ಹೇಗೆ ಅಗೀತಿದ್ವಿ? ಮಣ್ಣು, ಕಲ್ಲು ಎಲ್ಲಾ ಒಟ್ಟಿಗೆ ಬಾಚಿ ಗುಡ್ಡ ಹಾಕ್ತಿದ್ವಿ. ಮೇಲಿದ್ದ ಮಣ್ಣು ಕೆಳಗೆ, ಕೆಳಗಿದ್ದ ಕಲ್ಲು ಮೇಲೆ. ಅದರ ಮೇಲೆ ಹುಲ್ಲು ಸಹ ಹುಟ್ಟಲಿಲ್ಲ. ಮಳೆ ಬಂದರೆ ಕರೀ ನೀರು ಇಳಿದು ನಮ್ಮ ಬಾವಿ ಸೇರೋದು. ನನ್ನ ಹೆಂಡತಿ ಬಿಳೀ ಅಂಗಿ ಹಿಡ್ಕೊಂಡು, “ರೀ, ಇದನ್ನ ನಾನು ಒಗೆದಿದ್ದೀನೋ, ಬಣ್ಣ ಹಾಕಿದ್ದೀನೋ?” ಅನ್ನೋಳು. “ಕಲ್ಲಿದ್ದಲು ಮನೆಗೇ ಬಂದಿದೆ ಕಣೇ, ಉರಿಯೋಕೆ ನೀನಿದ್ದೀಯ” ಅಂದೆ. ಅವತ್ತು ಊಟ ಸಿಗಲಿಲ್ಲ.

ಆಮೇಲೆ ಮೇಡಂ ಬಂದರು. ಮೇಲಿನ ಮಣ್ಣನ್ನ ಮೊದಲೇ ಬೇರೆ ಬಾಚಿ, ಬೇರೆ ಇಡಬೇಕು ಅಂದರು. ಎತ್ತರ ಪೇರಿಸಬಾರದು, ಅದಕ್ಕೆ ಉಸಿರು ಕಟ್ಟುತ್ತೆ. ಮೇಲೆ ಹುಲ್ಲು ಬಿತ್ತಿ ಜೀವ ಉಳಿಸಬೇಕು. ಗುಂಡಿಗೆ ಕಲ್ಲು ತುಂಬಿ ಮುಚ್ಚಿದ ಮೇಲೆ ಅದೇ ಮಣ್ಣು ಹೊದಿಸಬೇಕು, ನಿಯಮ ಇರೋದೇ ಹಾಗೆ. “ನಮ್ಮ ಬಾಯಿಗೆ ಮಣ್ಣು ಹಾಕೋಕೆ ಬಂದಳಪ್ಪ!” ಅಂತ ಗೊಣಗಿದ್ವಿ. ಇವರು ಹಾಕಿಸಿದ್ದು ಗಣಿಯ ಬಾಯಿಗೆ.

ಡಂಪರ್ ಮಣ್ಣು ಸುರಿಯೋ ಮೊದಲು ಒಂದು ಹಿಡಿ ತಗೊಂಡು ಮೂಸೋರು. ಮಣ್ಣಿನ ವಾಸನೆ ಬಂದರೆ ಸೈ, ಬರೀ ಧೂಳು ಹೊಡೆದರೆ ಗಾಡಿ ವಾಪಸ್. ನಾನು ಸುಮ್ಮನಿರೋ ಜಾತೀನಾ? ಒಂದಿನ ಕಾಫಿಪುಡಿ ಬೆರೆಸಿ ನಿಂತೆ. ಮೂಸಿದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. “ಚೆನ್ನಾಗಿದೆ ಅಣ್ಣಾ, ಸಕ್ಕರೆ ಸ್ವಲ್ಪ ಕಡಿಮೆ. ಸುರೀರಿ” ಅಂದರು. ಅವತ್ತೇ ನಾನು ಇವರ ಶಿಷ್ಯ ಆದೆ.

ಗುಡ್ಡದ ಬುಡದಲ್ಲಿ ಕೊಳ ತೋಡಿಸಿದರು, ಕೆಸರು ಅಲ್ಲೇ ತಂಗಲಿ ಅಂತ. ಅಲ್ಲಿಂದ ಹೊರಬಿದ್ದ ನೀರನ್ನ ಗ್ಲಾಸಲ್ಲಿ ಹಿಡಿದು ಪ್ರತಿ ಮೀಟಿಂಗಿನಲ್ಲೂ ಸಾಹೇಬರ ಮುಂದೆ ಇಡೋರು. ತಿಳಿಯಾಗೋವರೆಗೂ ಇಟ್ಟರು. ಸಾಹೇಬರೇ, ಧೈರ್ಯವಾಗಿ ಕುಡೀರಿ, ಇವತ್ತಿನದು ಬಾಟಲಿ ನೀರು.

ಕೊನೆಯ ಗುಂಡಿ ತೆಗೆದಿದ್ದು ನಮ್ಮ ಹಳೇ ಮನೆ ಇದ್ದ ಜಾಗದಲ್ಲಿ. ಮಣ್ಣು ಬಾಚೋ ದಿನ ನನ್ನ ಹೆಂಡತಿ ಮೇಡಂಗೆ ಅಡ್ಡ ನಿಂತಳು. “ನನ್ನ ಹಿತ್ತಲನ್ನ ಎಲ್ಲಿಗೆ ಒಯ್ತೀಯಮ್ಮ?”

“ಎಲ್ಲಿಗೂ ಇಲ್ಲ ಅಕ್ಕ. ಇಟ್ಕೊಂಡಿರ್ತೀನಿ. ಇಲ್ಲಿಗೇ ವಾಪಸ್ ಹಾಕ್ತೀನಿ.”

“ಈ ಮನುಷ್ಯನ ಥರ ತಮಾಷೆ ಮಾಡ್ತಿಲ್ಲ ತಾನೇ?” ಅಂತ ನನ್ನ ಕಡೆ ಬೆರಳು ತೋರಿಸಿದಳು.

ಹೋದ ವರ್ಷ ಅವಳನ್ನ ಮಣ್ಣು ಮಾಡಿದ್ವಿ. ಕಡೇ ದಿನಗಳಲ್ಲೂ, “ಹಾಕಿದರೇನ್ರೀ?” ಅಂತ ಕೇಳೋಳು. ನನಗೆ ಯಾವ ತಮಾಷೇನೂ... ಇರಲಿ. ಈ ಸಭಾಂಗಣದಲ್ಲೂ ಧೂಳು ಜಾಸ್ತಿ, ಕನ್ನಡಕ ಒರೆಸ್ಕೋತೀನಿ.

ಆ ಹಿತ್ತಲೇ ಸಭಿಕರೇ, ಆ ಕೊನೆಯ ರಾಶಿ. ಗುಂಡಿ ತುಂಬಿದೆ, ಅದರ ಮೇಲಿನ ಇಳಿಜಾರು ಇನ್ನೂ ಬರೀ ಕಲ್ಲು. ಮಣ್ಣು ಹುಲ್ಲುಹಾಸಿಗೆ ಹೋದರೆ, ಮಳೆ ಬಂದ ದಿನ ಕರೀ ನೀರು ಯಾರ ಬಾವಿಗೆ ಹೋಗುತ್ತೆ? ಯಾರ ಅಂಗಿಗೆ ಹೋಗುತ್ತೆ?

ಸಾಹೇಬರು ಕಿಟಕಿ ಕಡೆ ನೋಡ್ತಿದ್ದಾರೆ. ಗಾಜು ಅಲುಗ್ತಿದೆ ಅಲ್ವಾ? ಗುಡುಗಲ್ಲ ಸಾರ್, ಕೂತ್ಕೊಳಿ. ನಮ್ಮ ಡಂಪರುಗಳು. ನಾನು ಈ ಮೈಕ್ ಹಿಡಿದಾಗಿಂದ ಓಡಾಡ್ತಿವೆ, ರಾಶಿಯಿಂದ ಇಳಿಜಾರಿಗೆ. ಇವತ್ತು ಸಂಜೆವರೆಗೂ ಪರಿಸರ ಅಧಿಕಾರಿ ಅಂದರೆ ಮೇಡಮ್ಮೇ, ಮೇಲ್ಮಣ್ಣು ಎಲ್ಲಿಗೆ ಅನ್ನೋ ಆದೇಶವೂ ಅವರದೇ. ಹುಲ್ಲುಹಾಸಿನ ಸುದ್ದಿ ಅವರ ಕಿವಿಗೆ ನಿನ್ನೇನೇ ಬಿದ್ದಿತ್ತು; ಗಣಿ ಮುಚ್ಚೋ ಯೋಜನೆಯಲ್ಲಿ ಇರೋದನ್ನೇ ಬೆಳಿಗ್ಗೆ ಡ್ರೈವರುಗಳಿಗೆ ಹೇಳಿದ್ದಾರೆ. ಆ ಯೋಜನೆಗೆ ಸಹಿ ಹಾಕಿದವರು ತಾವೇ ಸಾರ್.

ಆಮೇಲೆ ನನ್ನ ಪಕ್ಕಕ್ಕೆ ಕರೆದು, “ಅಣ್ಣಾ, ನೀವು ಎಷ್ಟು ಹೊತ್ತು ಮಾತಾಡಬಲ್ಲಿರಿ?” ಅಂದರು.

“ಎಷ್ಟು ಮಣ್ಣಿದೆ?” ಅಂದೆ.

ಅಗೋ, ಉದ್ದ ಹಾರ್ನ್! ಕೊನೆಯ ಗಾಡಿ ಸುರೀತು ಅಂತ ಅರ್ಥ. ಮೇಡಂ, ಈಗ ನೀವು ಚಪ್ಪಾಳೆ ತಟ್ತಿದ್ದೀರಿ. ಸಾಹೇಬರೇ, ಹುಲ್ಲಿನ ಮೇಲೆ ಕೂರಬೇಕು ಅನ್ನಿಸಿದರೆ ಮಳೆಗಾಲ ಕಳೆದ ಮೇಲೆ ನಮ್ಮ ಹಿತ್ತಲಿಗೆ ಬನ್ನಿ. ಕಾಫಿ ನಾನು ಕೊಡ್ತೀನಿ, ಸಕ್ಕರೆ ಹಾಕಿ.

ನನ್ನನ್ನ ಇಷ್ಟು ಹೊತ್ತು ಸಹಿಸಿದ್ದಕ್ಕೆ, ಅದಕ್ಕಿಂತ ಹೆಚ್ಚಾಗಿ ಯಾರೂ ಹೊರಗೆ ಹೋಗದೆ ಇದ್ದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ತಿಂಡಿ ನೀವು ತಿನ್ನಿ. ನಾನು ನನ್ನ ಹೆಂಡತಿ ಮಲಗಿರೋ ಕಡೆ ಹೋಗಬೇಕು. ಹಾಕಿದರು ಕಣೇ, ಈ ಸಲ ತಮಾಷೆ ಅಲ್ಲ ಅಂತ ಹೇಳಬೇಕು.

ನಮಸ್ಕಾರ.