ಪುಸ್ತಕದಲ್ಲಿ ಎಂಬತ್ತೆಂಟು ಡಿಗ್ರಿ

ನನ್ನ ಹೆಸರು ಹುಸೇನಸಾಬ, ತಂದೆ ಖಾದರಸಾಬ ಎಲಿಗಾರ. ವಯಸ್ಸು ನಲವತ್ತೊಂದು. ಮೊದಲು ವೀಳ್ಯದೆಲೆ ವ್ಯಾಪಾರ. ಈಗ ಯಲವಿಗಿ ಸ್ಟೇಶನ್ ಹತ್ತಿರ ಪರಮೇಶ್ವರಪ್ಪ ಸಾವಕಾರರ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಹೆಂಗಸರ ಕೆಲಸ ನೋಡಿಕೊಳ್ಳುವ ಮುಕಾದಮ. ವಾಸ ಸವಣೂರು. ಕಾರ್ಖಾನೆಯ ಬಾಗಿಲು ಒಡೆದವರು ಯಾರೆಂದು ಫೌಜದಾರರು ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ:

ಮಾರ್ಚಿ ಎರಡನೇ ತಾರೀಖು ಸರಕಾರದ ತಪಾಸಣೆ ಸಾಹೇಬರು ಬಂದು ಒಂದು ಫ್ಯಾರನ್‌ಹೀಟ್ ಥರ್ಮಾಮೀಟರ್ ತೂಗುಹಾಕಿಸಿದರು. ದಿನಾ ಹನ್ನೆರಡಕ್ಕೂ ಮೂರಕ್ಕೂ ನೋಡಿ ಪುಸ್ತಕದಲ್ಲಿ ಬರೆಯಬೇಕು, ನೂರು ಡಿಗ್ರಿ ದಾಟಿದರೆ ಎರಡೂ ಬಾಗಿಲು ತೆರೆದು ಹೆಂಗಸರನ್ನು ಅರ್ಧ ತಾಸು ಹೊರಗೆ ಕೂರಿಸಬೇಕು ಎಂದರು. ಗಾಳಿಗೆ ಅರಳೆ ಹಾರುತ್ತದೆಂದು ಸಾವಕಾರರು ಪಡುವಣ ಬಾಗಿಲಿಗೆ ಯಾವಾಗಲೂ ಕೀಲಿ ಹಾಕಿಸುತ್ತಿದ್ದರು.

ಸಾಹೇಬರು ಹೋದ ಮೇಲೆ ಸಾವಕಾರರು ನನಗೆ, ಇದು ಮುಂಬಯಿ ಮಾಲು, ಕಾವಿಗೆ ಗಾಜು ಸಿಡಿದರೆ ನಿನ್ನನ್ನೇ ಕೇಳುತ್ತೇನೆ ಎಂದರು. ಬಿಸಿಲು ತಾಗಬಾರದ ಮಾಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು ಎಲೆ ವ್ಯಾಪಾರದವರ ರೂಢಿ. ಪಾದರಸದ ಗೆರೆ ಕಾಣುವಷ್ಟು ಬಿಟ್ಟು ನಾನು ಥರ್ಮಾಮೀಟರಿಗೂ ಬಟ್ಟೆ ಸುತ್ತಿದೆ. ತಾಸಿಗೊಮ್ಮೆ ನೀರು ಚಿಮುಕಿಸಿದೆ. ಸಾವಕಾರರು ನೋಡಿ ನಕ್ಕರು, ತೆಗೆ ಎನ್ನಲಿಲ್ಲ. ಏಪ್ರಿಲ್ ಬಂದರೂ ಪಾದರಸ ಎಂಬತ್ತೆಂಟು ದಾಟಲಿಲ್ಲ. ಕಂಡದ್ದನ್ನೇ ಬರೆದೆ.

ಪಡುವಣ ಬಾಗಿಲಿನಿಂದ ಒಂಬತ್ತು ಅಡಿ ದೂರದ ಮಷೀನಿನಲ್ಲಿ ಮುದಕವ್ವನ ಮಗಳು ಅನ್ನವ್ವ, ವಯಸ್ಸು ಇಪ್ಪತ್ತಾರು, ಕೆಲಸ ಮಾಡುತ್ತಿದ್ದಳು. ಹತ್ತೊಂಬತ್ತನೇ ತಾರೀಖು ಹನ್ನೆರಡಕ್ಕೆ ನಾನು ನೀರು ಚಿಮುಕಿಸುವಾಗ ಅವಳು, "ಸಾಬ್ರ, ಆ ಗಾಜಿನ ಕೊಳವಿ ನಿಮ್ಮ ಮದಲಗಿತ್ತಿ ಏನ್ರಿ? ಅಕೀಗೆ ಹೊಚ್ಚಿದ ಒದ್ದಿ ಅರಿವಿ ನಮಗೂ ಈಟು ಹೊಚ್ರಿ" ಎಂದಳು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಅವಳು ಬಾಗಿಲು ತೆಗೆಸಿರೆಂದು ಕೇಳಿದಳು. "ಎಂಬತ್ತೆಂಟು ಐತಿ, ಸುಮ್ನ ಕೆಲಸ ಮಾಡವಾ" ಎಂದೆ.

ಎರಡು ನಲವತ್ತಕ್ಕೆ ಬಿದ್ದಳು. ಮೈಯಲ್ಲಿ ಬೆವರಿರಲಿಲ್ಲ, ಮುಟ್ಟಿದರೆ ಒಲೆಯ ಕಲ್ಲಿನಂತಿತ್ತು. ಮೂಡಣ ಬಾಗಿಲಿಗೆ ಎಪ್ಪತ್ತು ಹೆಜ್ಜೆ. ಹೊತ್ತು ಹೊರಗೆ ತರುವಷ್ಟರಲ್ಲಿ ಜೀವ ಹೋಗಿತ್ತು. ಮೂರು ಗಂಟೆಗೆ ನಾನು ಒಳಗೆ ಹೋಗಿ ಪುಸ್ತಕದಲ್ಲಿ ಎಂಬತ್ತೆಂಟು ಎಂದು ಬರೆದೆ.

ಇಪ್ಪತ್ತೊಂದನೇ ತಾರೀಖು ಮಧ್ಯಾಹ್ನ ಎರಡಕ್ಕೆ ಮುದಕವ್ವ ಕಾರ್ಖಾನೆಗೆ ಬಂದಳು. ಸಾವಕಾರರು ಪುಸ್ತಕ ತೆರೆದು ತೋರಿಸಿ, ಕಾವಿಗೆ ಸತ್ತಿಲ್ಲ, ನಿನ್ನ ಮಗಳಿಗೆ ಮೊದಲೇ ರೋಗವಿತ್ತು ಎಂದರು. ಮುದಕವ್ವ, "ನನ್ನ ಮಗಳು ಒಂದಿನಾ ಜಡ್ಡಂತ ಮಲಗಿದಾಕಿ ಅಲ್ರಿ. ಇದನ್ನ ಬರದಾಂವ ಸುಳ್ಳ ಬರದಾನ" ಎಂದಳು. ನನಗೆ ಸಿಟ್ಟು ಬಂತು. ನನ್ನ ಲೆಕ್ಕ ಖರೆ ಎಂದು ತೋರಿಸಲು ಇಪ್ಪತ್ತೊಂದು ಹೆಂಗಸರ ಎದುರು ಥರ್ಮಾಮೀಟರಿನ ಒದ್ದೆ ಬಟ್ಟೆ ಬಿಚ್ಚಿದೆ. ಪಾದರಸ ಏರತೊಡಗಿತು. ಹದಿನೈದು ನಿಮಿಷಕ್ಕೆ ನೂರಾ ಏಳಕ್ಕೆ ನಿಂತಿತು. ಗಾಜು ಸಿಡಿಯಲಿಲ್ಲ. ಸಾವಕಾರರು ಅಷ್ಟರಲ್ಲಿ ಹೊರಗೆ ಹೋಗಿದ್ದರು. ಮುದಕವ್ವ ಪಾದರಸದ ಗೆರೆ ನೋಡಿ ಮನೆಗೆ ಹೋದಳು. ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಬೆಳಿಗ್ಗೆ ಏಳಕ್ಕೆ ಆ ಹೆಂಗಸರೆಲ್ಲ ಬಂದರು. ಮಷೀನಿನ ಕಡೆ ಹೋಗದೆ ನೇರ ಪಡುವಣ ಬಾಗಿಲಿಗೆ ಹೋಗಿ, ಕೀಲಿ ಒಡೆದು, ಎರಡೂ ಕದ ಕಿತ್ತು ಹೊರಗೆ ಮಲಗಿಸಿದರು. ಸಾವಕಾರರು ಫಿರ್ಯಾದಿ ಕೊಟ್ಟದ್ದು ಆ ಬಾಗಿಲಿನ ಬಗ್ಗೆ. ಮೊದಲ ಏಟು ಯಾರದೆಂದು ಫೌಜದಾರರು ಮೂರು ಸಲ ಕೇಳಿದರು. ಕೀಲಿ ಒಡೆದ ಹಾರೆ ನನ್ನ ಕೋಣೆಯಲ್ಲಿತ್ತು, ತಂದುಕೊಟ್ಟವನು ನಾನು. ಮೊದಲ ಏಟೂ ನನ್ನದೇ ಎಂದು ಬರೆದುಕೊಳ್ಳಬೇಕು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಖರೆ ಇದೆ.

ಯಲವಿಗಿ, ತಾರೀಖು 23 ಏಪ್ರಿಲ್ 1938
ಸಹಿ: ಹುಸೇನಸಾಬ ಖಾದರಸಾಬ ಎಲಿಗಾರ