ಕಿರುಬೆರಳಿಗೆ ಬಗ್ಗಿದ ಕಡ್ಡಿ

ರೇಡಿಯೊ ರಿಪೇರಿಗೆ ಕೊಟ್ಟು ಅಂಗಡಿಯ ಬೆಂಚಿನಲ್ಲಿ ಕೂತಿದ್ದ ಟೀಚರಮ್ಮನ ಕಿವಿಯೆಲ್ಲ ಪಕ್ಕದ ಮಾತಿನ ಮೇಲೇ ಇತ್ತು. ಎಲೆಕ್ಟ್ರಿಕ್ ಗಿಟಾರ್ ತಂದವಳು ಐವತ್ತು ದಾಟಿದ ಹೆಂಗಸು. ಪಾರ್ಶ್ವವಾಯು ಬಡಿದ ಬಲಗೈ ಇನ್ನೂ ಪೂರ್ತಿ ಸುಧಾರಿಸಿರಲಿಲ್ಲ.

“ಈ ಟ್ರೆಮೊಲೊ ಕಡ್ಡಿ ಒತ್ತಿದ್ರೆ ಸ್ವರ ಜಾರಿ ಇಳೀಬೇಕು ಕಣಪ್ಪ. ನನ್ನ ಕೈಗೆ ಜಗ್ಗೋದೇ ಇಲ್ಲ.”

“ಹಿಂದುಗಡೆ ಐದು ಸ್ಪ್ರಿಂಗ್ ಬಿಗಿಸಿದ್ದೀರಲ್ಲ ಅಕ್ಕ! ಪೈಲ್ವಾನ್ ಬಂದ್ರೂ ಬೆವರಬೇಕು.”

“ಹೋದ ವರ್ಷದವರೆಗೂ ನಾನೇ ಪೈಲ್ವಾನ್ ಆಗಿದ್ದೆ.”

“ಎರಡು ತೆಗೆದು, ತೆಳು ತಂತಿ ಹಾಕಿಕೊಡ್ತೀನಿ.”

“ಇಳಿದ ಸ್ವರ ಸರಿಯಾಗಿ ವಾಪಸ್ ಬರುತ್ತಾ? ಭಾನುವಾರ ನಮ್ಮ ಗುಂಪಿನ ಕಾರ್ಯಕ್ರಮ. ಅಪಸ್ವರ ಬಂದ್ರೆ ‘ನೀನು ಚಪ್ಪಾಳೆ ತಟ್ಕೊಂಡು ಕೂತಿರು’ ಅಂತಾರೆ.”

ರಿಪೇರಿಯವನು ಗಿಟಾರನ್ನು ಮಗುಚಿಟ್ಟು ಕೆಲಸಕ್ಕೆ ಕೂತ. ಒಂದು ಗಂಟೆ ಕಳೆದ ಮೇಲೆ ತಲೆಯೆತ್ತಿದ.

“ತಂತಿ ಹಾಯೋ ಸಂದಿಗೆಲ್ಲ ಪೆನ್ಸಿಲ್ ಪುಡಿ ಸವರಿದ್ದೀನಿ, ಎಲ್ಲೂ ಸಿಕ್ಕಿಕೊಳ್ಳಲ್ಲ. ಒತ್ತಿ ನೋಡಿ. ಆ ಕೈಯಲ್ಲಲ್ಲ ಅಕ್ಕ, ಬಲಗೈಯಲ್ಲೇ.”

ಅವಳು ತಂತಿ ಮೀಟಿ, ಹೆದರುತ್ತಲೇ ಕಿರುಬೆರಳನ್ನು ಕಡ್ಡಿಗೆ ಊರಿದಳು. ಸ್ವರ ಬಾವಿಗೆ ಬಿಟ್ಟ ಬಿಂದಿಗೆಯಂತೆ ಆಳಕ್ಕಿಳಿದು, ತುಂಬಿಕೊಂಡು ಮೇಲೆ ಬಂತು.

“ನೋಡಿ, ಶ್ರುತಿ ಎಳ್ಳಷ್ಟೂ ತಪ್ಪಿಲ್ಲ.”

ಅವಳು ಇನ್ನೂ ಎರಡು ಸಲ ಒತ್ತಿದಳು. ಆಮೇಲೆ ಗಿಟಾರನ್ನು ಹೆಗಲಿಗೇರಿಸಿಕೊಂಡು ಬಾಗಿಲ ಕಡೆ ನಡೆದಳು.

“ಚಪ್ಪಾಳೆ ತಟ್ಟೋಕೆ ಬೇರೆ ಯಾರನ್ನಾದ್ರೂ ಹುಡುಕಿಕೊಳ್ಳಲಿ ಬಿಡಪ್ಪ!”